ಕಪ್ಪು ಮೈ, ಬಿಳಿಯ ಹೆಗಲು

ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳನ್ನು ಹಾದು ಬರುವ ಬಸ್ಸು ಸತ್ತೇಗಾಲದ ಬಳಿ ಕಾವೇರಿಯ ಸೇತುವೆಯನ್ನೇರಿದೊಡನೆ, ತೂಕಡಿಸುತ್ತಿದ್ದ ಪ್ರಯಾಣಿಕರೂ ಕಣ್ಣುಜ್ಜಿಕೊಂಡು ಕಿಟಕಿಯತ್ತ ಬಾಗುತ್ತಾರೆ. ಸಮೀಪದಲ್ಲಿಯೇ ಶಿವನಸಮುದ್ರ. ಹೆಸರಿಗೆ ಸಮುದ್ರವೇ ಹೊರತು ಇಲ್ಲಿ ಉಪ್ಪುನೀರಿಲ್ಲ, ಹಡಗಿಲ್ಲ. ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ನದಿಯೊಂದೇ ಇಲ್ಲಿಯ ವೈಭವ. 1902ರಲ್ಲಿ ಈ ನೀರಿನ ಬಲದಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ.

ಸೇತುವೆ ದಾಟಿದ ಮೇಲೆ ಕೊಳ್ಳೇಗಾಲ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಈ ಊರಿನ ಕೀರ್ತಿಯೆಲ್ಲ ರೇಷ್ಮೆಯದು. ಆದರೆ ಪೇಟೆಯ ಬೀದಿಯಲ್ಲಿ ಜರಿಯಂಚಿನ ಸೀರೆಗಳನ್ನು ನೋಡುತ್ತ ನಿಂತ ಪ್ರವಾಸಿಯ ಪಕ್ಕದಲ್ಲಿಯೇ, ಆಳೆತ್ತರದ ಉಕ್ಕಿನ ಸಿಲಿಂಡರುಗಳನ್ನು ಹೇರಿಕೊಂಡ ವ್ಯಾನೊಂದು ಆಸ್ಪತ್ರೆಯ ಕಡೆಗೆ ಗಡಗಡನೆ ಸಾಗಿದರೆ, ಅದರತ್ತ ಯಾರೂ ತಿರುಗಿ ನೋಡುವುದಿಲ್ಲ. ನೋಡತಕ್ಕದ್ದು ಅಲ್ಲಿಯೂ ಇದೆ.

ಆ ಸಿಲಿಂಡರುಗಳ ಮೈ ಕಪ್ಪು, ಹೆಗಲು ಬಿಳಿ. ಭಾರತದ ಪದ್ಧತಿಯಲ್ಲಿ ರೋಗಿಯ ಉಸಿರಾಟಕ್ಕೆ ಮೀಸಲಾದ ಆಮ್ಲಜನಕದ ಗುರುತು ಅದು. ಹೆಗಲಿಗೂ ಕಪ್ಪೇ ಬಳಿದಿದ್ದರೆ ಅದು ಬೆಸುಗೆಯ ಅಂಗಡಿಗೆ ಹೋಗುವ ಆಮ್ಲಜನಕ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವು ತಪ್ಪಿಸಲು ಬಳಸುವ ನೈಟ್ರಸ್ ಆಕ್ಸೈಡಿನ ಪಾತ್ರೆಗೆ ನೀಲಿ. ಇಂಗಾಲದ ಡೈ ಆಕ್ಸೈಡಿಗೆ ಬೂದು. ಒಳಗಿನ ಅನಿಲಗಳಿಗೋ ಬಣ್ಣವಿಲ್ಲ. ಆದುದರಿಂದ ಪಾತ್ರೆಯೇ ಬಣ್ಣವನ್ನು ಹೊತ್ತು ತಿರುಗಬೇಕಾಗಿದೆ.

ಆದರೂ ಬಣ್ಣವೊಂದನ್ನೇ ನಂಬಬಾರದೆಂದು ಬಲ್ಲವರು ಹೇಳುತ್ತಾರೆ. ಬಣ್ಣ ಬಿಸಿಲಿಗೆ ಮಾಸುತ್ತದೆ. ಉರುಳಿಸಿ ಇಳಿಸುವಾಗ ಉಜ್ಜಿಹೋಗುತ್ತದೆ. ಅದಕ್ಕಾಗಿಯೇ ಅನಿಲದ ಹೆಸರನ್ನು ಬರೆದಿರಬೇಕು. ಸಿಲಿಂಡರಿನ ಕ್ರಮಸಂಖ್ಯೆ, ಬರಿದಾಗಿರುವಾಗಿನ ತೂಕ, ನೀರಿನ ಒತ್ತಡದಲ್ಲಿ ಅದನ್ನು ಪರೀಕ್ಷಿಸಿದ ದಿನ, ಇವನ್ನು ಉಕ್ಕಿನ ಮೇಲೆಯೇ ಅಚ್ಚೊತ್ತಿರಬೇಕು. ಚಿಕ್ಕ ಸಿಲಿಂಡರುಗಳ ಬಾಯಿಯಲ್ಲಿ ಅನಿಲಕ್ಕೊಂದು ವಿಧದಂತೆ ರಂಧ್ರಗಳನ್ನು ಕೊರೆದಿರುತ್ತಾರೆ. ಆಮ್ಲಜನಕದ ಮುಳ್ಳುಗಳು ನೈಟ್ರಸ್ ಆಕ್ಸೈಡಿನ ರಂಧ್ರಗಳಿಗೆ ಹೊಂದುವುದೇ ಇಲ್ಲ. ದೀಪವಾರಿದ ಕತ್ತಲಲ್ಲಿಯೂ ಕೈ ತಪ್ಪದಿರಲೆಂದು ಮಾಡಿದ ಏರ್ಪಾಡು ಇದು.

ಕೊಳ್ಳೇಗಾಲದಿಂದ ಹನೂರಿಗೆ ಸುಮಾರು 25 ಕಿಲೋಮೀಟರು. ಈಚೆಗೆ ಪ್ರತ್ಯೇಕ ತಾಲ್ಲೂಕಾದ ಹನೂರನ್ನು ದಾಟಿದರೆ ಕಾಡು ದಟ್ಟವಾಗುತ್ತದೆ. ತಾಳಬೆಟ್ಟದಿಂದಾಚೆ ತಿರುವುಗಳ ದಾರಿ ಮಲೆ ಮಹದೇಶ್ವರನ ಸನ್ನಿಧಿಗೆ ಏರುತ್ತದೆ. ಕಂಸಾಳೆಯ ನಾದದೊಡನೆ 'ಉಘೇ ಉಘೇ' ಎನ್ನುತ್ತ ನಡೆದೇ ಹೋಗುವ ಭಕ್ತರಿಗೆ ಈ ಹಾದಿ ದೂರವೆನಿಸದು. ಉಸಿರು ಕಟ್ಟಿದ ರೋಗಿಗೆ ಮಾತ್ರ ಅದು ಬಹು ದೂರ. ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರು. ಅಲ್ಲಿಂದ ಮೈಸೂರಿಗೆ ಹೋಗಬೇಕಾದರೆ ಇನ್ನೂ 60. ಚಿಕ್ಕ ಸಿಲಿಂಡರಿನಲ್ಲಿ ಹಿಡಿಯುವುದು ಸುಮಾರು 1,500 ಲೀಟರು ಆಮ್ಲಜನಕ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಎರಡೂವರೆ ಗಂಟೆಗೆ ಅದು ಮುಗಿಯಿತು. ಅದೂ ಪೂರ್ತಿ ತುಂಬಿದ್ದರೆ!

ತುಂಬಿದ ಸಿಲಿಂಡರಿಗೂ ಬರಿದಾದುದಕ್ಕೂ ನೋಟದಲ್ಲಿ ಭೇದವಿಲ್ಲ. ಆದುದರಿಂದ ಕೊರಳಿಗೆ ಚೀಟಿ ಕಟ್ಟುವ ಪದ್ಧತಿ: 'ತುಂಬಿದೆ', 'ಬಳಕೆಯಲ್ಲಿದೆ', 'ಖಾಲಿ'. ಒಂದೊಂದು ಅವಸ್ಥೆ ಮುಗಿದಂತೆ ಒಂದೊಂದು ತುಂಡನ್ನು ಹರಿಯಬೇಕು. "ಇದು ತುಂಬಿರಾದೋ ಖಾಲಿದೋ?" ಎಂದು ವ್ಯಾನಿನವನು ಕೇಳಿದರೆ, "ಚೀಟಿ ನೋಡ್ಕಳಪ್ಪ" ಎಂದು ಆಸ್ಪತ್ರೆಯ ಆಳು ಹೇಳುವಷ್ಟು ಸರಳವಾದ ವಿಷಯ. ಹರಿಯಲು ಮರೆತರೆ ಮಾತ್ರ ಅದು ಸರಳವಲ್ಲ.

ಇದೇ ಹನೂರು ತಾಲ್ಲೂಕಿನ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ 2018ರ ಡಿಸೆಂಬರ್ 14ರಂದು ಪ್ರಸಾದ ಸ್ವೀಕರಿಸಿದ ಭಕ್ತರಲ್ಲಿ 17 ಮಂದಿ ಪ್ರಾಣ ಬಿಟ್ಟರು. ಅನ್ನದಲ್ಲಿ ಕೀಟನಾಶಕ ಬೆರೆತಿತ್ತು. ನರಳುತ್ತಿದ್ದವರನ್ನು ಕೊಳ್ಳೇಗಾಲ, ಮೈಸೂರುಗಳ ಆಸ್ಪತ್ರೆಗಳಿಗೆ ಸಾಗಿಸಿದರು. ಕಡು ವಿಷದ ಶೀಶೆಯ ಮೇಲೆ ಕೆಂಪು ಗುರುತೂ ತಲೆಬುರುಡೆಯ ಚಿತ್ರವೂ ಇರಬೇಕೆಂಬುದು ನಿಯಮ. ಆದರೆ ವಿಷವು ಶೀಶೆಯನ್ನು ಬಿಟ್ಟು ಪ್ರಸಾದದ ಪಾತ್ರೆಯನ್ನು ಸೇರಿದಾಗ ಆ ಗುರುತು ಶೀಶೆಯಲ್ಲಿಯೇ ಉಳಿಯಿತು. ಕೈಯೊಡ್ಡಿದವರಿಗೆ ಕೊಡುವ ಕೈಯ ಮೇಲಿನ ನಂಬಿಕೆಯೊಂದೇ ಆಧಾರವಾಗಿತ್ತು.

2021ರ ಮೇ 2ರ ರಾತ್ರಿ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಆಮ್ಲಜನಕಕ್ಕೆ ಕೊರತೆಯಾಯಿತು. ಮೈಸೂರಿನಿಂದ ಬರಬೇಕಾದ ಸಿಲಿಂಡರುಗಳಿಗಾಗಿ ಹಾತೊರೆದು ಕಾಯುತ್ತಿದ್ದಂತೆಯೇ ಹೊತ್ತು ಮೀರಿತು. ಒಂದು ಹಗಲು ರಾತ್ರಿಯೊಳಗೆ 24 ಮಂದಿ ತೀರಿಕೊಂಡರೆಂದು ಮರುದಿನ ನಾಡಿಗೆ ತಿಳಿಯಿತು. ಆ ವಾರ್ತೆಯನ್ನು ಕೇಳಿದ ಮೇಲೆ, ಈ ಮೂರು ತಾಲ್ಲೂಕುಗಳ ಜನರಿಗೆ ಬಿಳಿಯ ಹೆಗಲಿನ ಆ ಪಾತ್ರೆ ಕೇವಲ ಆಸ್ಪತ್ರೆಯ ಸಾಮಾನಾಗಿ ಉಳಿಯಲಿಲ್ಲ.

ಹೆಸರಿನ ಸಮುದ್ರವನ್ನು ಬಿಟ್ಟು ನಿಜವಾದ ಕಡಲಿನತ್ತ ತಿರುಗಿದರೆ ಈ ಗುರುತುಗಳ ಅರ್ಥ ಇನ್ನಷ್ಟು ತಿಳಿಯಾಗುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವವರಿದ್ದಾರೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಲೋಕದ ಅನೇಕ ಕಡಲುಗಳಲ್ಲಿ ಅದನ್ನು 32ಕ್ಕೋ 36ಕ್ಕೋ ಏರಿಸಿದ ಗಾಳಿಯನ್ನು ಬಳಸುವುದುಂಟು. ನೈಟ್ರೋಜನ್ ಕಡಿಮೆಯಾದಷ್ಟೂ ತಳದಲ್ಲಿ ಹೆಚ್ಚು ಹೊತ್ತು ಇರಬಹುದು. ಆದರೆ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚಿ, ಪ್ರಾಣವಾಯುವೇ ವಿಷವಾಗಿ ಮೈ ಸೆಟೆದುಕೊಳ್ಳುತ್ತದೆ. ಶೇಕಡಾ 32ರ ಗಾಳಿಯೊಡನೆ ಸುಮಾರು 33 ಮೀಟರಿಗಿಂತಲೂ, 36ರ ಗಾಳಿಯೊಡನೆ 28 ಮೀಟರಿಗಿಂತಲೂ ಕೆಳಗಿಳಿಯಬಾರದು. ಅದಕ್ಕಾಗಿ ಅಂತಹ ಸಿಲಿಂಡರಿಗೆ ಹಳದಿ-ಹಸಿರಿನ ಪಟ್ಟಿ; ಪಟ್ಟಿಯ ಜೊತೆಗೆ ಒಂದು ಚೀಟಿ. ಆಮ್ಲಜನಕದ ಪ್ರಮಾಣ, ಇಳಿಯಬಹುದಾದ ಆಳ, ಅಳೆದ ದಿನ, ಅಳೆದವರ ಹೆಸರು ಅದರಲ್ಲಿರುತ್ತವೆ. ತುಂಬಿಸಿದವನ ಮಾತಿಗೆ ತೃಪ್ತನಾಗದೆ, ನೀರಿಗಿಳಿಯುವಾತನೇ ಮಾಪಕವನ್ನು ಹಿಡಿದು ಅಳೆದು ಅಂಕಿತ ಹಾಕಬೇಕು.

ಮುಳುಗುವವನಿಗೆ ಈ ಅವಕಾಶವಿದೆ. ಹಾಸಿಗೆಯ ಮೇಲಿನ ರೋಗಿ ಏನನ್ನು ಅಳೆದಾನು? ಮುಖವಾಡವನ್ನು ಮೂಗಿಗೆ ಹಿಡಿದಾಗ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವುದಷ್ಟೇ ಅವನ ಪಾಲಿನ ಕೆಲಸ. ಅವನ ಪರವಾಗಿ ಬೇರೊಬ್ಬರು ನೋಡಿರಬೇಕು, ನೋಡಿದ್ದನ್ನು ಬರೆದಿರಬೇಕು. ನೋಡದೆ ಬರೆದ ಚೀಟಿ, ಚೀಟಿಯಿಲ್ಲದುದಕ್ಕಿಂತ ಹೆಚ್ಚು ಅಪಾಯಕರ.

ಕೊಳ್ಳೇಗಾಲದಿಂದ ಚಾಮರಾಜನಗರದ ದಾರಿಯಲ್ಲಿ ಯಳಂದೂರು ಸಿಗುತ್ತದೆ. ಸುವರ್ಣಾವತಿಯ ಹಸಿರು, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ. ಸಂಚಿಯ ಹೊನ್ನಮ್ಮನ ಊರು ಇದು. ಗೌರೀಶ್ವರನ ಗುಡಿಯ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿಯನ್ನು ಕಂಡು ಬೆರಗಾಗದ ಪ್ರವಾಸಿಯಿಲ್ಲ. ಕಡೆದ ಶಿಲ್ಪಿಯ ಉಳಿ ಒಂದು ಕೊಂಡಿಯಲ್ಲಿ ತಪ್ಪಿದ್ದರೂ ಸರಪಳಿ ನಿಲ್ಲುತ್ತಿರಲಿಲ್ಲ.

ಊರಿನ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ ಬದಲಾಗುವ ಹೊತ್ತಿಗೆ, ಮನೆಗೆ ಹೊರಟ ದಾದಿ ಒಂದು ಗಳಿಗೆ ಸಿಲಿಂಡರಿನ ಬಳಿ ನಿಂತು, ಮಾಪಕದ ಮುಳ್ಳನ್ನು ನೋಡಿ, ಚೀಟಿಯಿಂದ ಒಂದು ತುಂಡನ್ನು ಹರಿದರೆ, ಅದನ್ನು ನೋಡಿ ಬೆರಗಾಗುವವರು ಯಾರೂ ಇರುವುದಿಲ್ಲ. ರಾತ್ರಿ ಬರುವವಳು ಅದನ್ನು ಓದಿಕೊಳ್ಳುತ್ತಾಳೆ.