ಕುಂಬಾರರ ಊರಿನಲ್ಲಿ ಒಂದು ದಿನ

ಇಟಲಿಗೆ ಹೋಗಿಬಂದವರನ್ನು ನಮ್ಮ ಜನ ಕೇಳುವ ಪ್ರಶ್ನೆಗಳು ಮೂರೇ: ರೋಮ್ ನೋಡಿದಿರಾ? ವೆನಿಸ್ಸಿನಲ್ಲಿ ದೋಣಿ ಹತ್ತಿದಿರಾ? ಪೀಸಾದ ಗೋಪುರ ನಿಜವಾಗಿಯೂ ವಾಲಿದೆಯೇ? ಈ ಮೂರಕ್ಕೂ ತಲೆಯಾಡಿಸಿ ಇಲ್ಲವೆಂದ ನನ್ನನ್ನು ಸಹೋದ್ಯೋಗಿಗಳು ಕನಿಕರದಿಂದ ನೋಡಿದರು. “ಹಾಗಾದರೆ ಅಷ್ಟು ದೂರ ಹೋಗಿ ನೋಡಿದ್ದಾದರೂ ಏನು, ಸ್ವಾಮಿ?” ಎಂದು ಒಬ್ಬರು ಕೇಳಿಯೇಬಿಟ್ಟರು. “ಒಂದು ಮೆಟ್ಟಿಲಸಾಲು, ಒಂದಿಷ್ಟು ಮಡಕೆ ಕುಡಿಕೆ” ಎಂದೆ. ಅಧ್ಯಾಪಕರ ಕೊಠಡಿಯೆಲ್ಲ ನಕ್ಕಿತು. ಆ ನಗೆಗೆ ಉತ್ತರವಾಗಿಯೂ, ವಾರ್ಷಿಕ ಸಂಚಿಕೆಯ ಸಂಪಾದಕರ ಒತ್ತಾಯಕ್ಕೆ ಮಣಿದೂ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

2018ರ ಅಕ್ಟೋಬರಿನಲ್ಲಿ ಒಂದು ವಿಚಾರಸಂಕಿರಣದ ನೆಪದಿಂದ ನಾನು ಸಿಸಿಲಿ ದ್ವೀಪದ ಕತಾನಿಯಾ ನಗರಕ್ಕೆ ಹೋಗಿದ್ದೆ. ಇತಿಹಾಸದ ಮೇಷ್ಟ್ರುಗಳು ನಾಲ್ಕು ಜನ ಸೇರಿದರೆ ನಡೆಯುವುದೇ ಅಲ್ಲಿಯೂ ನಡೆಯಿತು; ಅದನ್ನು ವರ್ಣಿಸಿ ಓದುಗರನ್ನು ನೋಯಿಸುವುದಿಲ್ಲ. ಕೊನೆಯ ದಿನ ಬಿಡುವಿತ್ತು. ಮಿಕ್ಕವರು ಎಟ್ನಾ ಜ್ವಾಲಾಮುಖಿಯನ್ನು ಹತ್ತಲು ಹೊರಟರು. ನಾನು ಮಾತ್ರ ನೈಋತ್ಯಕ್ಕೆ ಸುಮಾರು 70 ಕಿಲೋಮೀಟರು ದೂರದ ಕಲ್ತಾಜಿರೋನೆ ಎಂಬ ಊರಿಗೆ ಬಸ್ಸು ಹಿಡಿದೆ. ಅದಕ್ಕೆ ಕಾರಣ ಇತಿಹಾಸವಲ್ಲ. ನನ್ನ ತಾಯಿಯ ತವರು ಕುಂಬಾರರ ಮನೆ. ತಾತನ ತಿಗರಿಯ ಮುಂದೆ ಕುಳಿತು, ಮಣ್ಣಿನ ಮುದ್ದೆ ಕಣ್ಣೆದುರಿಗೇ ಗಡಿಗೆಯಾಗುವುದನ್ನು ನೋಡುತ್ತ ಬಾಲ್ಯದ ಬೇಸಿಗೆಗಳನ್ನು ಕಳೆದವನು ನಾನು. ಸಾವಿರ ವರ್ಷಗಳಿಂದ ಮಣ್ಣಿನ ಕೆಲಸವನ್ನೇ ನಂಬಿರುವ ಊರೊಂದು ಹತ್ತಿರದಲ್ಲಿದೆಯೆಂದು ಕೇಳಿದ ಮೇಲೆ ಬೆಂಕಿಯ ಬೆಟ್ಟವನ್ನು ಕಟ್ಟಿಕೊಂಡು ನನಗೇನಾಗಬೇಕು?

ದಾರಿಯುದ್ದಕ್ಕೂ ಕಿತ್ತಳೆಯ ತೋಪುಗಳು. ಬೇಲಿಗಳಲ್ಲಿ, ಬಂಡೆಗಳ ಸಂದಿಯಲ್ಲಿ, ನಮ್ಮ ಬಯಲುಸೀಮೆಯ ನಂಟನಾದ ಪಾಪಾಸುಕಳ್ಳಿ ಕೆಂಪು ಹಳದಿ ಹಣ್ಣು ಹೊತ್ತು ನಿಂತಿತ್ತು. ಅದರ ಹಣ್ಣನ್ನು ಇಟಲಿಯವರು ‘ಇಂಡಿಯಾದ ಅಂಜೂರ’ವೆಂದು ಕರೆದು ಪ್ರೀತಿಯಿಂದ ತಿನ್ನುತ್ತಾರೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ನಾನು ಇಂಡಿಯಾದವನೆಂದು ತಿಳಿದು, ಕಳ್ಳಿಯ ಕಡೆಗೂ ನನ್ನ ಕಡೆಗೂ ಬೆರಳು ತೋರಿಸಿ ನಕ್ಕಳು. ಆ ಕಳ್ಳಿಯ ಮೂಲ ಮೆಕ್ಸಿಕೋ ದೇಶವೆಂದು ಹೇಳುವಷ್ಟು ಇಟಾಲಿಯನ್ ನನಗೆ ಬಾರದು, ಬಂದಿದ್ದರೂ ಹೇಳುತ್ತಿರಲಿಲ್ಲ. ಸುಮ್ಮನೆ ಒದಗಿಬಂದ ಬಾಂಧವ್ಯವನ್ನು ಕೆಡಿಸುವುದೇಕೆ?

ಕಲ್ತಾಜಿರೋನೆ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿ, ಗುಡ್ಡಗಳ ಬೆನ್ನಿನ ಮೇಲೆ ಹರಡಿಕೊಂಡಿದೆ. ಹೆಸರು ಅರಬ್ಬೀ ಮೂಲದ್ದು. ಮೊದಲ ಭಾಗವಾದ ‘ಕಲ್‌ಅತ್’ ಎಂದರೆ ಕೋಟೆ. ನಮ್ಮ ಕಿಲ್ಲೆ, ಕಿಲ್ಲೇದಾರ ಎಂಬ ಮಾತುಗಳ ಮೂಲವೂ ಅದೇ. ಎರಡನೆಯ ಭಾಗಕ್ಕೆ ‘ಜಾಡಿಗಳು’ ಎಂದು ಕೆಲವರೂ ‘ಗುಹೆಗಳು’ ಎಂದು ಕೆಲವರೂ ಅರ್ಥ ಹೇಳುತ್ತಾರೆ. ಊರಿನವರು ಜಾಡಿಯ ಪಕ್ಷವೆಂದು ಬೇರೆ ಹೇಳಬೇಕಾಗಿಲ್ಲ. ಕ್ರಿ. ಶ. 827ರಲ್ಲಿ ಸಿಸಿಲಿಗೆ ಕಾಲಿಟ್ಟ ಅರಬ್ಬರು ಅಲ್ಲಿಯ ಕುಂಬಾರರಿಗೆ ಮಣ್ಣಿನ ಪಾತ್ರೆಗೆ ಗಾಜಿನಂಥ ಮೆರುಗು ಕೊಡುವ ವಿದ್ಯೆಯನ್ನು ಕಲಿಸಿದರು. ಹನ್ನೊಂದನೆಯ ಶತಮಾನದಲ್ಲಿ ನಾರ್ಮನರು ಬಂದು ಅರಬ್ಬರ ಆಳ್ವಿಕೆಯನ್ನು ಮುಗಿಸಿದರು. ರಾಜ್ಯ ಹೋಯಿತು, ಮೆರುಗು ಉಳಿಯಿತು.

ಈ ಊರಿನ ಕೀರ್ತಿಯೆಲ್ಲ ಒಂದು ಮೆಟ್ಟಿಲಸಾಲಿನ ಮೇಲೆ ನಿಂತಿದೆ. ನಗರಸಭೆಯ ಚೌಕದ ಪಕ್ಕದಿಂದ ಹೊರಟು, ಗುಡ್ಡದ ನೆತ್ತಿಯಲ್ಲಿರುವ ಸಾಂತ ಮರಿಯ ದೆಲ್ ಮೊಂತೆ ಎಂಬ ಇಗರ್ಜಿಯವರೆಗೆ 142 ಮೆಟ್ಟಿಲುಗಳು. ಮೇಲಿನ ಹಳೆಯ ಊರಿಗೂ ಕೆಳಗಿನ ಹೊಸ ಊರಿಗೂ ಸಂಪರ್ಕ ಬೇಕೆಂದು 1606ರಲ್ಲಿ ಇದರ ಕೆಲಸ ಆರಂಭವಾಯಿತು. ಕಾಲಿಡುವ ಹಾಸು ಬರಿಯ ಕಲ್ಲು. ಆದರೆ ಪ್ರತಿ ಮೆಟ್ಟಿಲಿನ ಮುಖಕ್ಕೂ ಕೈಯಿಂದ ಚಿತ್ರ ಬರೆದ ಮೆರುಗಿನ ಬಿಲ್ಲೆಗಳನ್ನು ಕೂಡಿಸಿದ್ದಾರೆ. ಒಂದು ಮೆಟ್ಟಿಲಿನ ಚಿತ್ರ ಇನ್ನೊಂದರಲ್ಲಿಲ್ಲ: ಒಂದರಲ್ಲಿ ಬಳ್ಳಿ, ಮತ್ತೊಂದರಲ್ಲಿ ಹಕ್ಕಿ, ಮುಂದಿನದರಲ್ಲಿ ಅರಬ್ಬರ ಕಾಲದ ರೇಖಾವಿನ್ಯಾಸ. ಈ ಬಿಲ್ಲೆಗಳು ಬಂದದ್ದು 1954ರಲ್ಲಿ. ಅರಬ್ಬರಿಂದ ಹಿಡಿದು ನಮ್ಮ ಕಾಲದವರೆಗಿನ ಶೈಲಿಗಳು ಅಲ್ಲಿ ಸಾಲಾಗಿವೆ. ನಾವು ತರಗತಿಯಲ್ಲಿ ತಿಂಗಳುಗಟ್ಟಲೆ ಪಾಠ ಹೇಳಿದರೂ ಮುಗಿಯದ ಇತಿಹಾಸವನ್ನು ಆ ಊರಿನ ಹುಡುಗರು ದಿನವೂ ಹತ್ತಿ ಇಳಿಯುತ್ತಾರೆ.

ಕೆಳಗೆ ನಿಂತು ನೋಡಿದರೆ ಇಡೀ ಸಾಲು ಬಿಡಿಸಿ ತೂಗುಹಾಕಿದ ಜಮಖಾನದಂತೆ ಕಾಣುತ್ತದೆ. ಏದುಸಿರು ಬಿಡುತ್ತ ತುದಿಯನ್ನು ಮುಟ್ಟಿ ತಿರುಗಿ ನೋಡಿದೆ. ಒಂದು ಬಿಲ್ಲೆಯೂ ಕಾಣಲಿಲ್ಲ! ಕಣ್ಣಿಗೆ ಬಿದ್ದದ್ದು ಬೂದುಬಣ್ಣದ ಕಲ್ಲುಹಾಸು ಮಾತ್ರ. ಚಿತ್ರವಿರುವುದು ಮೆಟ್ಟಿಲಿನ ಮುಖದಲ್ಲಿ. ಹತ್ತುವವನಿಗೆ ಅದು ಹೆಜ್ಜೆಹೆಜ್ಜೆಗೂ ಕಾಣುತ್ತದೆ, ಹತ್ತಿ ನಿಂತವನಿಗೆ ಕಾಣುವುದಿಲ್ಲ. ಜುಲೈ 24 ಮತ್ತು 25ರಂದು, ಊರಿನ ಪಾಲಕಸಂತನಾದ ಸಾನ್ ಜಾಕೊಮೊನ ಹಬ್ಬದ ರಾತ್ರಿ, ಬಣ್ಣದ ಕಾಗದದ ಮರೆಯಲ್ಲಿ ಸಾವಿರಾರು ಎಣ್ಣೆಯ ಹಣತೆಗಳನ್ನು ಹಚ್ಚಿ ಇದೇ ಮೆಟ್ಟಿಲುಗಳ ಮೇಲೆ ಒಂದು ದೊಡ್ಡ ಚಿತ್ರವನ್ನು ಮೂಡಿಸುತ್ತಾರಂತೆ. ನಮ್ಮ ಕಾರ್ತಿಕದ ದೀಪೋತ್ಸವವನ್ನು ಕಂಡವರಿಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ಸೊಬಗು ಸುಲಭವಾಗಿ ಬಂದುದಲ್ಲ. 1693ರ ಜನವರಿ 11ರಂದು ಆಗ್ನೇಯ ಸಿಸಿಲಿಯನ್ನು ನಡುಗಿಸಿದ ಭೂಕಂಪದಲ್ಲಿ ಸುಮಾರು 60 ಸಾವಿರ ಜನ ಸತ್ತರು. ಕಲ್ತಾಜಿರೋನೆಯೂ ನೆಲಕ್ಕೆ ಬಿತ್ತು. ಬದುಕಿ ಉಳಿದವರು ಊರನ್ನು ಬಿಟ್ಟುಹೋಗದೆ ಅಲ್ಲಿಯೇ ಮತ್ತೆ ಕಟ್ಟಿದರು. ಹೀಗೆ ಮರುಹುಟ್ಟು ಪಡೆದ ವಾಲ್ ದಿ ನೋತೊ ಪ್ರದೇಶದ ಎಂಟು ಊರುಗಳನ್ನು, ಇದನ್ನೂ ಸೇರಿಸಿ, 2002ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಅಲ್ಲಿ ಸೇತುವೆಯ ಗೋಡೆಗೆ ಮಣ್ಣಿನ ಹೂವು, ಇಗರ್ಜಿಯ ಮುಖಕ್ಕೆ ಮಣ್ಣಿನ ಬಿಲ್ಲೆ. ಕುಂಬಾರನ ಕೈ ತಾಗದ ಬೀದಿಯೇ ಇಲ್ಲ.

ಮೆಟ್ಟಿಲಸಾಲಿನ ಎರಡು ಪಕ್ಕದಲ್ಲಿಯೂ ಕುಂಬಾರರ ಅಂಗಡಿಗಳು. ಎಲ್ಲ ಅಂಗಡಿಗಳಲ್ಲಿಯೂ ಕಿರೀಟ ಧರಿಸಿದ ಗಂಡುಹೆಣ್ಣುಗಳ ತಲೆಗಳು ನಮ್ಮನ್ನೇ ದಿಟ್ಟಿಸುತ್ತವೆ. ಅವು ಹೂವಿನ ಕುಂಡಗಳು. ಮದುವೆಯಾದುದನ್ನು ಮುಚ್ಚಿಟ್ಟು ಮೋಸಮಾಡಿದ ಮೂರ್ ಪ್ರಿಯಕರನ ತಲೆಯನ್ನು ಪಲೆರ್ಮೊ ನಗರದ ಒಬ್ಬ ತರುಣಿ ಕತ್ತರಿಸಿ, ಅದರಲ್ಲಿ ಕಾಮಕಸ್ತೂರಿಯ ಗಿಡವನ್ನು ಬೆಳೆಸಿದಳೆಂದು ಕಥೆ. ಗಿಡ ಸೊಂಪಾಗಿ ಬೆಳೆದದ್ದನ್ನು ಕಂಡು ನೆರೆಹೊರೆಯವರು ಅಂಥದೇ ಕುಂಡಗಳನ್ನು ಮಾಡಿಸಿಕೊಂಡರಂತೆ. ಕಾಮಕಸ್ತೂರಿ ನಮ್ಮ ತುಳಸಿಯ ಒಡಹುಟ್ಟು. ತುಳಸೀಕಟ್ಟೆಗೆ ಇಂಥ ಭಯಂಕರ ಚರಿತ್ರೆಯಿಲ್ಲದಿರುವುದು ನಮ್ಮ ಪುಣ್ಯ.

ಅಂಥ ಒಂದು ಅಂಗಡಿಯ ಹಿಂದಿನ ಕೆಲಸದ ಮನೆಗೆ ಇಣುಕಿದೆ. ಅರವತ್ತು ದಾಟಿದ ಯಜಮಾನರು ತಿಗರಿಯ ಮುಂದಿದ್ದರು. ಅವರ ಮಗಳು ಕನ್ನಡಕ ಹಾಕಿಕೊಂಡು ಬಿಲ್ಲೆಗಳ ಮೇಲೆ ಕುಂಚವಾಡಿಸುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ ನಮ್ಮಿಬ್ಬರ ನಡುವೆ ದುಭಾಷಿಯಾದಳು. ಕೆಲಸದ ಕ್ರಮವನ್ನು ತಾಳ್ಮೆಯಿಂದ ವಿವರಿಸಿದಳು. ಮಾಡಿದ ಪಾತ್ರೆಯನ್ನು ಒಣಗಿಸಿ ಒಮ್ಮೆ ಸುಡಬೇಕು. ತವರದ ಭಸ್ಮ ಸೇರಿದ ಬಿಳಿಯ ಲೇಪದಲ್ಲಿ ಅದ್ದಿ ತೆಗೆಯಬೇಕು. ಲೇಪ ಒಣಗಿ ಪುಡಿಯಂತಾದಾಗ ಅದರ ಮೇಲೆ ಬಣ್ಣದಿಂದ ಬರೆಯಬೇಕು: ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ, ಹಳದಿಗೆ ಆಂಟಿಮನಿ, ಕಂದುನೇರಳೆಗೆ ಮ್ಯಾಂಗನೀಸ್. ಆಮೇಲೆ ಮತ್ತೊಮ್ಮೆ ಸುಡಬೇಕು. ಎರಡು ಸಲವೂ 900 ಡಿಗ್ರಿಗೆ ಮೀರಿದ ಶಾಖ. ಕುಂಚದಲ್ಲಿರುವಾಗ ಬಣ್ಣಗಳು ಮಂಕಾಗಿರುತ್ತವೆ. ಅವುಗಳ ನಿಜವಾದ ಕಾಂತಿ ಬೆಂಕಿಯಿಂದ ಹೊರಬಂದ ಮೇಲೆಯೇ ತಿಳಿಯುವುದು.

“ಗೆರೆ ತಪ್ಪಿದರೆ?” ಎಂದು ಕೇಳಿದೆ. ಅವಳು ನಕ್ಕು, “ತಪ್ಪಿದರೆ ತಪ್ಪಿತು. ಅಳಿಸುವ ಹಾಗಿಲ್ಲ” ಎಂದಳು. ಒಣಗಿದ ಲೇಪ ಒತ್ತುಕಾಗದದಂತೆ ಬಣ್ಣವನ್ನು ಮುಟ್ಟಿದ ಕೂಡಲೇ ಹೀರಿಕೊಂಡುಬಿಡುತ್ತದೆ. ಆದುದರಿಂದ ಅನುಮಾನಿಸುವ ಕೈಗೆ ಅಲ್ಲಿ ಕೆಲಸವಿಲ್ಲ. ಪರೀಕ್ಷೆಯಲ್ಲಿ ಅರ್ಧ ಪುಟ ಬರೆದು ಅದಕ್ಕೆ ಅಡ್ಡಗೆರೆ ಎಳೆಯುವ ನಮ್ಮ ವಿದ್ಯಾರ್ಥಿಮಿತ್ರರನ್ನು ಕೆಲವು ದಿನ ಅವಳ ಬಳಿ ಕಳುಹಿಸಬೇಕೆನ್ನಿಸಿತು.

ನನ್ನ ತಾತ ಕುಂಬಾರನೆಂದು ಅವಳಿಗೆ ಹೇಳಿದೆ. ಅವಳು ತಂದೆಗೆ ತಿಳಿಸಿದಳು. ಯಜಮಾನರು ತಿಗರಿಯನ್ನು ನಿಲ್ಲಿಸಿ, ಎದ್ದು ಬಂದು, ಕೈ ಒರೆಸಿಕೊಳ್ಳದೆಯೇ ನನ್ನ ಎರಡು ಕೈಗಳನ್ನೂ ಹಿಡಿದುಕೊಂಡರು. ತಾತನ ತಿಗರಿ ಎಂಥದು, ಆವಿಗೆಗೆ ಏನು ಉರುವಲು, ಮಣ್ಣು ಎಲ್ಲಿಯದು ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಭಾರವಾದ ಚಕ್ರವನ್ನು ಕೋಲಿನಿಂದ ತಿರುವಿಬಿಟ್ಟು, ಅದರ ವೇಗವಿರುವಷ್ಟು ಹೊತ್ತಿನಲ್ಲಿಯೇ ಪಾತ್ರೆಯನ್ನು ಎತ್ತುತ್ತಿದ್ದ ಬಗೆಯನ್ನು ಅಭಿನಯಿಸಿ ತೋರಿಸಿದೆ. ಕೆರೆಯ ಜೇಡಿಮಣ್ಣನ್ನು ಕಾಲಿನಿಂದ ತುಳಿದು ಹದಮಾಡುತ್ತಿದ್ದುದನ್ನು, ಹುಲ್ಲು ಸೌದೆಗಳ ಆವಿಗೆಯನ್ನು ವಿವರಿಸಿದೆ. ಅವರು ಪ್ರತಿಯೊಂದಕ್ಕೂ ‘ಹೌದು, ಹೌದು’ ಎಂಬಂತೆ ತಲೆದೂಗಿದರು. ಕೊನೆಗೆ ಕೇಳಿದರು: “ಈಗ ಆ ತಿಗರಿಯ ಮುಂದೆ ಯಾರು ಕೂರುತ್ತಾರೆ?”

ಯಾರೂ ಕೂರುವುದಿಲ್ಲ. ಅಲ್ಯೂಮಿನಿಯಮ್ ಬಂತು, ಪ್ಲಾಸ್ಟಿಕ್ ಕೊಡ ಬಂತು. ಸೋದರಮಾವ ಗಾರೆಕೆಲಸಕ್ಕೆ ಹೋದರು. ಅವರ ಮಕ್ಕಳು ಬೆಂಗಳೂರಿಗೆ ಹೋದರು. ತಿಗರಿ ಹಿತ್ತಿಲಿನ ಗೋಡೆಗೆ ಒರಗಿದೆ. ಇದನ್ನು ಹೇಳಿದಾಗ ಮಗಳು ಅನುವಾದಿಸಲು ಸ್ವಲ್ಪ ತಡೆದಳು. ಯಜಮಾನರು ಏನೂ ಹೇಳಲಿಲ್ಲ. ಒಳಗೆ ಹೋಗಿ ಅಂಗೈಯಗಲದ ಒಂದು ಬಿಲ್ಲೆಯನ್ನು ತಂದು ಕೊಟ್ಟರು. ಹಣವನ್ನು ಮುಟ್ಟಲಿಲ್ಲ.

ಊರಿನ ಮೃಣ್ಮಯ ಕಲೆಯ ವಸ್ತುಸಂಗ್ರಹಾಲಯದಲ್ಲಿ ಕ್ರಿ. ಪೂ. ಐದನೆಯ ಶತಮಾನದ ಒಂದು ಗ್ರೀಕ್ ಪಾತ್ರೆಯಿದೆ. ಕುಂಬಾರ ಚಕ್ರದ ಮೇಲೆ ಪಾತ್ರೆಯನ್ನು ರೂಪಿಸುತ್ತಿದ್ದಾನೆ. ಸಾಕ್ಷಾತ್ ಅಥೀನಾ ದೇವಿ ಅವನ ಕೆಲಸದ ಮನೆಗೆ ಬಂದಿದ್ದಾಳೆ. ಅದರ ಮುಂದೆ ನಿಂತಾಗ ನನಗೆ ನಮ್ಮ ಹರಿಹರನ ಕುಂಬಾರ ಗುಂಡಯ್ಯನ ನೆನಪಾಯಿತು. ಗುಂಡಯ್ಯ ಮಡಕೆಯನ್ನು ಬಾರಿಸುತ್ತ ಕುಣಿದರೆ ಆ ನಾದಕ್ಕೆ ಸೋತು ಶಿವನೇ ಬಂದು ಕುಣಿದ. ಕುಂಬಾರನ ಮನೆಬಾಗಿಲಿಗೆ ದೇವರನ್ನು ಕರೆತರುವಷ್ಟು ದೊಡ್ಡ ಮನಸ್ಸು ಎರಡು ನಾಡಿನವರಿಗೂ ಇದ್ದಿತು. ಆದರೆ ದೇವರು ಬಂದುಹೋದ ಮಾತ್ರಕ್ಕೆ ಒಲೆ ಉರಿಯುವುದಿಲ್ಲ. ಮನುಷ್ಯರೂ ಬರಬೇಕು.

ಕಲ್ತಾಜಿರೋನೆಗೆ ಅಂಥ ಒಬ್ಬ ಮನುಷ್ಯ ಬಂದರು. ಲುಯೀಜಿ ಸ್ತೂರ್ತ್ಸೊ 1871ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಪಾದ್ರಿ. 1905ರಿಂದ 1920ರವರೆಗೆ ನಗರದ ಆಡಳಿತವನ್ನು ನಡೆಸಿದವರು. 1919ರಲ್ಲಿ ಇಟಲಿಯ ಜನಪಕ್ಷವನ್ನು ಸ್ಥಾಪಿಸಿದವರು. ಮುಸೊಲಿನಿಯನ್ನು ಎದುರಿಸಿ 1924ರಲ್ಲಿ ದೇಶ ಬಿಟ್ಟು, 1946ರಲ್ಲಿ ಮರಳಿದವರು. ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿವೆ. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಕಸುಬು ಕುಂದಿದ್ದ ಕಾಲದಲ್ಲಿ, ಮಹಾಯುದ್ಧವಿನ್ನೂ ಮುಗಿಯುತ್ತಿದ್ದ 1918ರಲ್ಲಿ, ಅವರು ಆ ಊರಿನಲ್ಲಿ ಕುಂಬಾರಿಕೆಗಾಗಿಯೇ ಒಂದು ಶಾಲೆಯನ್ನು ತೆರೆದರು. ನಾನು ಹೋದ ವರ್ಷ ಅದಕ್ಕೆ ಸರಿಯಾಗಿ ನೂರು ತುಂಬಿತ್ತು. ಕನ್ನಡಕದ ಆ ಹುಡುಗಿ ಓದಿದ್ದೂ ಅಲ್ಲಿಯೇ. ಮಣ್ಣಿನ ಜೊತೆಗೆ ರಸಾಯನಶಾಸ್ತ್ರವನ್ನೂ ಚಿತ್ರಕಲೆಯನ್ನೂ ಕಲಿತು ತಂದೆಯ ಅಂಗಡಿಗೆ ಮರಳಿದ್ದಳು. ತಾನು ಕುಂಬಾರಳೆಂದು ಹೇಳುವಾಗ ಅವಳ ದನಿಯಲ್ಲಿ ವೈದ್ಯಳೆಂದೋ ವಕೀಲಳೆಂದೋ ಹೇಳಿಕೊಳ್ಳುವವರ ನೆಮ್ಮದಿಯೇ ಇತ್ತು.

ನಮ್ಮವರೆಲ್ಲ ಓದು ಬಿಟ್ಟು ತಿಗರಿಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಹೊಟ್ಟೆ ತುಂಬಿಸದ ಕಸುಬನ್ನು ಹೊಗಳುವುದು ಹೊಟ್ಟೆ ತುಂಬಿದವರಿಗೆ ಸುಲಭ. ನಾನೇ ತಿಗರಿಯನ್ನು ಬಿಟ್ಟು ಸೀಮೆಸುಣ್ಣ ಹಿಡಿದವನು. ಅದರಿಂದ ನನಗೆ ಒಳ್ಳೆಯದೇ ಆಗಿದೆ. ಆದರೆ ಕೈಕೆಲಸದವರ ಮಕ್ಕಳಿಗೆ ಎರಡೇ ದಾರಿಗಳಿರಬಾರದು: ಕಸುಬಿನಲ್ಲಿಯೇ ಉಳಿದು ಬಡವರಾಗುವುದು, ಇಲ್ಲವೆ ಓದಿ ಕಸುಬನ್ನು ಮರೆಯುವುದು. ಮೂರನೆಯ ದಾರಿಯೊಂದಿದೆಯೆಂದು, ಅದು ಶಾಲೆಯ ಬಾಗಿಲಿನ ಮೂಲಕವೇ ಹಾದುಹೋಗುತ್ತದೆಯೆಂದು ಆ ಸಣ್ಣ ಊರು ತೋರಿಸಿದೆ.

ಪ್ರತಿ ವರ್ಷವೂ ನಮ್ಮ ಕಾಲೇಜಿನ ಪ್ರವೇಶದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ‘ತಂದೆಯ ಉದ್ಯೋಗ’ ಎಂಬ ಅಂಕಣದಲ್ಲಿ ‘ಕೂಲಿ’ ಎಂಬ ಒಂದೇ ಮಾತು ನೂರಾರು ಅರ್ಜಿಗಳಲ್ಲಿರುತ್ತದೆ. ನೇಯುವ, ಬುಟ್ಟಿ ಹೆಣೆಯುವ, ಕಬ್ಬಿಣ ಬಡಿಯುವ, ಮಣ್ಣು ತುಳಿಯುವ ಮನೆಗಳ ಮಕ್ಕಳೂ ಅದನ್ನೇ ಬರೆಯುತ್ತಾರೆ. ಕಾಲೇಜಿನಲ್ಲಿ ಅದನ್ನು ಕೇಳಿ ಯಾರು ಏನೆಂದುಕೊಳ್ಳುವರೋ ಎಂಬ ಅಳುಕು ಅದರ ಹಿಂದಿದೆಯೆಂದು ಬಲ್ಲೆ. ಈ ವರ್ಷ ಒಬ್ಬ ಹುಡುಗಿ ಆ ಅಂಕಣದಲ್ಲಿ ದುಂಡಾದ ಅಕ್ಷರಗಳಿಂದ ‘ಕುಂಬಾರಿಕೆ’ ಎಂದು ಬರೆದಿದ್ದಳು. ಒಡೆದುಹಾಕಿ ತಿದ್ದಿದ ಗುರುತೊಂದೂ ಅಲ್ಲಿರಲಿಲ್ಲ. ಅವಳು ಯಾರೆಂದು ಇಲ್ಲಿ ಹೇಳುವುದಿಲ್ಲ. ಈ ಸಂಚಿಕೆ ಅವಳ ಕೈಗೂ ಸೇರುವುದಲ್ಲವೆ! ಸಿಸಿಲಿಯ ಆ ಬಿಲ್ಲೆ ನಮ್ಮ ವಿಭಾಗದ ಕಪಾಟಿನ ಮೇಲಿದೆ. ಬಂದು ನೋಡಬಹುದು. ಕೈಗೆತ್ತಿಕೊಂಡೇ ನೋಡಬಹುದು.