ಒಂದು ಇಂಜಿನಿನ ಆಯ್ಕೆ

ಗೌತಮನು ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯ, ಪ್ರಯೋಜನ, ನಿರ್ಣಯ ಎಂಬ ಮೂರೂ ಸೇರಿವೆ. ಇವುಗಳ ಲಕ್ಷಣವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಆದರೆ ಅವುಗಳ ಅರ್ಥವು ಚೆನ್ನಾಗಿ ಮನಸ್ಸಿಗೆ ಹತ್ತಿದ್ದು ಅರುವತ್ತು ದಾಟಿದ ಮೇಲೆ, ಒಂದು ಆಟದ ಹೆಲಿಕಾಪ್ಟರಿಗೆ ಇಂಜಿನನ್ನು ಆರಿಸುವ ಪ್ರಸಂಗದಲ್ಲಿ ಎಂದರೆ ವಾಚಕರು ನಗಬಹುದು. ನಗಲಿ, ನಡೆದುದನ್ನು ನಡೆದಂತೆಯೇ ನಿವೇದಿಸುತ್ತೇನೆ.

ಹುಣಸೂರು ತಾಲ್ಲೂಕಿನಲ್ಲಿ ನನ್ನ ತಮ್ಮನಿಗೆ ಹೊಗೆಸೊಪ್ಪಿನ ಬೇಸಾಯವಿದೆ. ಅವನ ಮಗನು ಮೈಸೂರಿನಲ್ಲಿ ಯಂತ್ರಶಾಸ್ತ್ರವನ್ನು ಓದುತ್ತಿರುವನು. ಈ ಹುಡುಗನು ಎರಡು ವರ್ಷದ ರಜೆಗಳನ್ನೆಲ್ಲ ವ್ಯಯಿಸಿ, ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸಿನಲ್ಲಿ ಹುಟ್ಟಿದ 'ಧ್ರುವ' ಹೆಲಿಕಾಪ್ಟರಿನ ಪ್ರತಿಕೃತಿಯೊಂದನ್ನು ಎಂಟರಲ್ಲೊಂದು ಪ್ರಮಾಣಕ್ಕೆ ಕಟ್ಟಿದನು. ನಿಜವಾದ ಧ್ರುವದ ರೆಕ್ಕೆಚಕ್ರದ ವ್ಯಾಸವು 13.2 ಮೀಟರು, ಇವನದು 1.65 ಮೀಟರು. ರೇಡಿಯೋ ಅಲೆಗಳಿಂದ ನೆಲದಲ್ಲಿ ನಿಂತೇ ಇದನ್ನು ಹಾರಿಸತಕ್ಕದ್ದು. ಒಡಲು ಸಿದ್ಧವಾಯಿತು, ಪ್ರಾಣವೊಂದು ಉಳಿಯಿತು. ವಿದ್ಯುತ್ ಮೋಟಾರು ಬೇಡ, ಟರ್ಬೈನೇ ಬೇಕು ಎಂದು ಅವನ ಹಟ. ಅದರ ಬೆಲೆಯೋ ಕೆಲವು ಲಕ್ಷ ರೂಪಾಯಿ. ಹರಾಜುಕಟ್ಟೆಯಿಂದ ಬಂದ ಹಣವನ್ನು ಕೈಯಲ್ಲಿ ಹಿಡಿದು ತಮ್ಮನು, "ಅಣ್ಣ ಒಪ್ಪಿದರೆ ಕೊಡುತ್ತೇನೆ" ಎಂದುಬಿಟ್ಟನು. ಹೀಗೆ ಭಾರವು ನನ್ನ ತಲೆಯ ಮೇಲೆ ಬಂದಿತು.

ತಿಳಿಯದ ವಿಷಯದಲ್ಲಿ ತೀರ್ಪು ಹೇಳುವುದು ಮೇಷ್ಟರಿಗೆ ಶೋಭಿಸದು. ಆದಕಾರಣ ಹುಡುಗನನ್ನೇ ಗುರುವಾಗಿ ಮಾಡಿಕೊಂಡು ಜಗಲಿಯಲ್ಲಿ ಕುಳಿತೆನು. ಗಾಳಿಯನ್ನು ಒಳಗೆಳೆದು ಒತ್ತುವ ಚಕ್ರವೊಂದು; ಒತ್ತಿದ ಗಾಳಿಯಲ್ಲಿ, ಸ್ವಲ್ಪ ಎಣ್ಣೆ ಬೆರೆಸಿದ ಸೀಮೆಎಣ್ಣೆಯು ಉರಿಯುವ ಕೋಶ; ಅಲ್ಲಿಂದ ನುಗ್ಗುವ ಬಿಸಿಗಾಳಿಯು ತಿರುಗಿಸುವ ಇನ್ನೊಂದು ಚಕ್ರ. ಈ ಎರಡನೆಯ ಚಕ್ರವು ಮೊದಲನೆಯದನ್ನೇ ತಿರುಗಿಸಿ ಉಸಿರಾಟವನ್ನು ನಡೆಸುವುದು. ಇವುಗಳಿಗೆ ಅಂಟದೆ ಸ್ವತಂತ್ರವಾಗಿರುವ ಮೂರನೆಯ ಚಕ್ರವು ಹಲ್ಲುಗಾಲಿಗಳ ಮೂಲಕ ರೆಕ್ಕೆಯನ್ನು ತಿರುಗಿಸುವುದು. ಅಂಗೈಯಗಲದ ಈ ಯಂತ್ರದೊಳಗಿನ ಚಕ್ರವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿದ ಸುತ್ತು ಸುತ್ತುತ್ತದೆಂದು ಕೇಳಿ ನಾನು ಬೆರಗಾದೆನು.

ಆಗ ಅವನು ನಿಜವಾದ ಧ್ರುವದ ಇಂಜಿನಿನ ಕಥೆಯನ್ನೂ ಹೇಳಿದನು. 1992ನೆಯ ಆಗಸ್ಟಿನಲ್ಲಿ ಅದು ಬೆಂಗಳೂರಿನಲ್ಲಿ ಮೊದಲು ಹಾರಿದ್ದು ಫ್ರಾನ್ಸಿನ ಟರ್ಬೊಮೆಕಾ ಸಂಸ್ಥೆಯ ಟಿಎಂ 333 ಇಂಜಿನುಗಳಿಂದ. ಇನ್ನೂ ಹೆಚ್ಚು ಬಲವುಳ್ಳ ಅಮೆರಿಕದ ಇಂಜಿನೊಂದನ್ನು ಅಳವಡಿಸುವ ಯೋಚನೆಯಿತ್ತು. 1998ರ ಪೋಖರಣದ ಪರೀಕ್ಷೆಗಳ ತರುವಾಯ ಆ ದೇಶವು ವಿಧಿಸಿದ ನಿರ್ಬಂಧದಿಂದ ಅದು ಮುರಿಯಿತು. ಕಡೆಗೆ ಫ್ರೆಂಚರೊಡನೆ ಕೂಡಿ ರೂಪಿಸಿದ 'ಶಕ್ತಿ' ಇಂಜಿನು 2007ರಲ್ಲಿ ಧ್ರುವವನ್ನು ಹಾರಿಸಿತು. ಅಂದರೆ ಇಂಜಿನನ್ನು ಆರಿಸುವವನು ಬಲವನ್ನು ಮಾತ್ರ ನೋಡಿದರೆ ಸಾಲದು. ಕೊಡುವವರು ಯಾರು, ಕೆಟ್ಟರೆ ತಿದ್ದುವವರು ಯಾರು ಎಂಬುದನ್ನೂ ನೋಡಬೇಕು. "ನಿನ್ನ ಟರ್ಬೈನು ಕೆಟ್ಟರೆ?" ಎಂದೆನು. "ತಯಾರಿಸಿದವರಲ್ಲಿಗೆ, ಸಮುದ್ರದಾಚೆಗೆ ಕಳುಹಿಸಬೇಕು" ಎಂದು ಮೆಲ್ಲನೆ ನುಡಿದನು.

ನನಗೆ ಹುರುಪು ಬಂದಿತು. ಕಾಗದ ತೆಗೆದು ಲೆಕ್ಕ ಹಾಕಿಸಿದೆನು. ಉದ್ದವು ಎಂಟರಲ್ಲೊಂದಾದರೆ ತೂಕವು 512ರಲ್ಲೊಂದು. ಧ್ರುವದ 5,500 ಕಿಲೋ ಇಲ್ಲಿ ಹನ್ನೊಂದು ಕಿಲೋವಿನೊಳಗೆ ಬರುವುದು. ಹಾರಲು ಬೇಕಾದ ಬಲವು ಇನ್ನೂ ಬೇಗ ಇಳಿದು, ಸುಮಾರು 1,450ರಲ್ಲೊಂದು ಭಾಗವಾಗುವುದು. ಎರಡು 'ಶಕ್ತಿ'ಗಳ ಒಟ್ಟು ಬಲವನ್ನು 2,000 ಕಿಲೋವಾಟೆಂದು ಹಿಡಿದರೆ ಈ ಪ್ರತಿಕೃತಿಗೆ ಒಂದೂವರೆ ಕಿಲೋವಾಟು. ಚಿಕ್ಕ ರೆಕ್ಕೆಯ ನಷ್ಟಕ್ಕಾಗಿ ಇಮ್ಮಡಿಸಿದರೂ ಮೂರು. ಇಷ್ಟನ್ನು ವಿದ್ಯುತ್ ಮೋಟಾರು ನಿರಾಯಾಸವಾಗಿ ಕೊಡುವುದು. "ಮತ್ತೇಕೆ ಟರ್ಬೈನು?" ಎಂದು ಗೆದ್ದವನಂತೆ ಕೇಳಿದೆನು.

ಹುಡುಗನು ತಲೆಯೆತ್ತಿ, "ದೊಡ್ಡಪ್ಪ, ಬಲ ಸಾಲದೆಂದು ನಾನು ಕೇಳಲಿಲ್ಲ. ಅದು ಧ್ರುವದ ಹಾಗೆ ಉಸಿರಾಡಬೇಕು, ಧ್ರುವದ ಹಾಗೆ ಕೂಗಬೇಕು ಎಂದು ಕೇಳಿದೆ" ಎಂದನು. ನಾನು ನಾಚಿದೆನು. ವಾದಕ್ಕೆಂದು ಕುಳಿತವನು ಜಲ್ಪಕ್ಕೆ ಇಳಿದಿದ್ದೆನು. ಅವನ ಪ್ರಯೋಜನವೇ ಬೇರೆ. ಅದನ್ನು ವಿಚಾರಿಸದೆಯೇ ನಾನು ನಿರ್ಣಯವನ್ನು ಹುಡುಕುತ್ತಿದ್ದೆನು. ನನ್ನ ಮನಸ್ಸಿನಲ್ಲಿದ್ದುದು ಕೇವಲ ಹಣ.

ಕಡೆಗೆ ವ್ಯಾಜ್ಯವನ್ನು ತೀರಿಸಿದುದು ಬೆಂಕಿ. ಟರ್ಬೈನಿನ ಬಾಯಿಂದ ಹೊರಡುವ ಗಾಳಿಯು ಹಲವು ನೂರು ಡಿಗ್ರಿ ಬಿಸಿ. ಹೊತ್ತಿಸುವಾಗ ಒಳಗೆ ಎಣ್ಣೆ ನಿಂತಿದ್ದರೆ ಜ್ವಾಲೆಯೇ ಹೊರಗೆ ಚಾಚುವುದು; ಬೆಂಕಿ ಆರಿಸುವ ಸಾಧನವಿಲ್ಲದೆ ಅದರ ಬಳಿ ನಿಲ್ಲಬಾರದು. ಇವನು ಹಾರಿಸಬೇಕೆಂದಿದ್ದುದು ಕೊಯ್ಲಾದ ಮೇಲೆ, ಪಿರಿಯಾಪಟ್ಟಣದ ಕಡೆಯ ಒಣಬಯಲಿನಲ್ಲಿ. ಬೆಂಕಿಯೆಂದರೇನೆಂದು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರವು ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ಸುರಿದುದನ್ನು ಹೆಗ್ಗಡದೇವನಕೋಟೆಯವರು ಮರೆತಿರಲಾರರು. ನಮ್ಮ ಮನೆಯಲ್ಲಿಯೋ, ನಾಲ್ಕು ವರ್ಷದ ಹಿಂದೆ, ಒಣಗಿದ ಒಂದು ಸೊಪ್ಪು ಕಾದ ಕೊಳವೆಯ ಮೇಲೆ ಬಿದ್ದು ತಮ್ಮನ ಬ್ಯಾರನ್ನು ಸೊಪ್ಪಿನ ಸಮೇತ ಭಸ್ಮವಾಯಿತು. ಅಂದು ಕೊಡವನ್ನು ಹಿಡಿದು ಓಡಿದವರಲ್ಲಿ ಈ ಹುಡುಗನೂ ಒಬ್ಬನು. ನಾನು ಅದನ್ನು ಎತ್ತಲಿಲ್ಲ. ಅವನೇ ಸುಟ್ಟ ಗೋಡೆಯ ಕಡೆಗೆ ನೋಡಿದನು. ಬಹಳ ಹೊತ್ತಾದ ಮೇಲೆ, "ಈಗ ಮೋಟಾರೇ ಇರಲಿ" ಎಂದನು.

ಹಾಗೆಂದು ಟರ್ಬೈನನ್ನು ನಾನು ನಿಷೇಧಿಸಲಿಲ್ಲ. ಇಂಜಿನಿನ ಪೀಠವನ್ನು ಮುಂದೆ ಬದಲಿಸಲು ಬರುವಂತೆ ಮಾಡೆಂದೆನು. ಬಲ್ಲವರ ಬಳಿ ಕಲಿತು, ಸ್ವಂತ ಸಂಪಾದನೆಯ ಒಂದು ಪಾಲನ್ನು ಹಾಕುವ ದಿನ, ಉಳಿದುದಕ್ಕೆ ನನ್ನ ಪಿಂಚಣಿಯಿದೆಯೆಂದು ಮಾತು ಕೊಟ್ಟೆನು.

ಕಳೆದ ಮಾಘದಲ್ಲಿ ಕೃಷ್ಣರಾಜನಗರದ ಕಾಲುವೆಯ ಬದಿಯ ಬಯಲಿನಲ್ಲಿ ಧ್ರುವವು ಏಳು ನಿಮಿಷ ಹಾರಿ ಸುಖವಾಗಿ ಇಳಿಯಿತು. ತಮ್ಮನು ಕಣ್ಣೊರೆಸಿಕೊಂಡನು. ಹುಡುಗನೂ ನಕ್ಕನು. ಆದರೆ ಅದು ಮೇಲೆ ಸುಳಿಯುತ್ತಿದ್ದಾಗ ಅವನು ತಲೆಯನ್ನು ಸ್ವಲ್ಪ ಓರೆಮಾಡಿ, ಇಲ್ಲದ ಒಂದು ಧ್ವನಿಗೆ ಕಿವಿಗೊಟ್ಟಂತೆ ನಿಂತಿದ್ದುದನ್ನು ಕಂಡೆನು. ನಿರ್ಣಯವು ಸರಿಯೆಂದೇ ಇಂದಿಗೂ ನಂಬಿದ್ದೇನೆ. ಆದರೂ ಕೊಟ್ಟ ಮಾತನ್ನು ನಡೆಸುವಷ್ಟು ಆಯುಸ್ಸನ್ನು ಭಗವಂತನು ಕರುಣಿಸಲಿ.