ಸೈಬೀರಿಯಾದ ಕ್ಷೌರಿಕ ಮತ್ತು ಒಬ್ಬ ಹಟಮಾರಿ

9 ಫೆಬ್ರುವರಿ, ಭಾನುವಾರ

ನಿಕಿತಾ ಮಿಖಾಲ್ಕೋವ್‌ನ ‘ಸೈಬೀರಿಯಾದ ಕ್ಷೌರಿಕ’ (1998) ನೋಡಿ ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಮೂರು ಗಂಟೆಯ ಚಿತ್ರ. ಕಥೆ ನಡೆಯುವುದು 1885ರಲ್ಲಿ. ಸೈಬೀರಿಯಾದ ಕಾಡನ್ನೇ ಬೋಳಿಸಬಲ್ಲ ದೈತ್ಯ ಯಂತ್ರವೊಂದನ್ನು ಮೆಕ್‌ಕ್ರಾಕನ್ ಎಂಬ ಸಂಶೋಧಕ ಕಟ್ಟುತ್ತಿದ್ದಾನೆ. ಅದಕ್ಕೆ ದೊಡ್ಡವರ ಕೃಪೆ ಬೇಕು. ಜನರಲ್ ರಾಡ್ಲೋವ್‌ನನ್ನು ಬುಟ್ಟಿಗೆ ಹಾಕಿಕೊಳ್ಳಲೆಂದು ಅಮೆರಿಕದಿಂದ ಜೇನ್ ಎಂಬಾಕೆ ಮಾಸ್ಕೋಗೆ ಬರುತ್ತಾಳೆ. ದಾರಿಯಲ್ಲಿ, ರೈಲಿನಲ್ಲಿ, ಆಂದ್ರೇ ಟಾಲ್‌ಸ್ಟಾಯ್ ಎಂಬ ಕೆಡೆಟ್‌ನ ಪರಿಚಯವಾಗುತ್ತದೆ. ಮುಂದಿನದು ಊಹಿಸಬಹುದು ಅಂದುಕೊಂಡೆ. ಅರ್ಧ ಮಾತ್ರ ಸರಿಯಾಯಿತು.

ಜನರಲ್‌ನ ಮದುವೆ ಪ್ರಸ್ತಾಪದ ದೃಶ್ಯ ಕಣ್ಣಿಗೆ ಕಟ್ಟಿದೆ. ಮುದುಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಬರೆಸಿಕೊಂಡ ಪ್ರೇಮನಿವೇದನೆಯನ್ನು ಓದಿಹೇಳಲು ಟಾಲ್‌ಸ್ಟಾಯ್‌ನನ್ನೇ ಜೊತೆಗೆ ಕರೆತರುತ್ತಾನೆ. ಹುಡುಗ ಓದುತ್ತಾನೆ, ತಡವರಿಸುತ್ತಾನೆ. ಇದ್ದಕ್ಕಿದ್ದಂತೆ ಕಾಗದ ಬಿಟ್ಟು ತನ್ನದೇ ಮಾತು ಶುರುಮಾಡುತ್ತಾನೆ: ನಾನು ನಿಮ್ಮನ್ನು ಪ್ರೀತಿಸುತ್ತೇನೆ, ಮದುವೆಯಾಗಿ. ಮೇಲಧಿಕಾರಿ ಪಕ್ಕದಲ್ಲೇ ಇದ್ದಾನೆ! ಓಲೆಗ್ ಮೆನ್ಷಿಕೋವ್ ಆಗ ಮೂವತ್ತೈದು ದಾಟಿದ್ದ ನಟ. ಇಪ್ಪತ್ತರ ಹುಡುಗನೆಂದು ಮುಖ ನೋಡಿ ನಂಬುವುದು ಕಷ್ಟ. ಈ ದೃಶ್ಯದಲ್ಲಿ ಮಾತ್ರ ನಂಬಿದೆ.

10 ಫೆಬ್ರುವರಿ, ಸೋಮವಾರ

ಬೆಳಿಗ್ಗೆ ತಿಂಡಿ ತಿನ್ನುತ್ತಾ ಮಗಳು ಕೇಳಿದಳು: “ಅವ್ನು ಬಾಯಿಬಿಟ್ಟು ನಿಜ ಹೇಳಿದ್ರೆ ಆಗ್ತಿರ್ಲಿಲ್ವಾ ಅಪ್ಪಾ?”

ನ್ಯಾಯವಾದ ಪ್ರಶ್ನೆ. ಕೆಡೆಟ್‌ಗಳು ಆಡುವ ಮೊಟ್ಸಾರ್ಟ್‌ನ ಅಪೆರಾದಲ್ಲಿ ಟಾಲ್‌ಸ್ಟಾಯ್ ಫಿಗರೋ. ಜೇನ್ ಅವನನ್ನು ಹಗುರ ಮಾಡಿ ಜನರಲ್‌ನ ಹತ್ತಿರ ಮಾತಾಡಿದ್ದು ಅವನ ಕಿವಿಗೆ ಬೀಳುತ್ತದೆ. ವೇದಿಕೆಯಿಂದ ಹಾರಿಬಂದು ಪಿಟೀಲಿನ ಕಮಾನಿನಿಂದಲೇ ಜನರಲ್‌ಗೆ ಬಾರಿಸುತ್ತಾನೆ. ಸಭೆಯಲ್ಲಿ ಗ್ರ್ಯಾಂಡ್ ಡ್ಯೂಕ್ ಕೂಡ ಇದ್ದದ್ದರಿಂದ ಅದು ರಾಜಮನೆತನದವನ ಮೇಲಿನ ಹಲ್ಲೆ ಎಂದು ಕೇಸು ಕಟ್ಟುತ್ತಾರೆ. ಅಲ್ಲಗಳೆಯಲು ಒಂದು ಮಾತು ಸಾಕು, ಆದರೆ ಆ ಮಾತಿನಲ್ಲಿ ಜೇನ್‌ಳ ಹೆಸರು ಬರಬೇಕಲ್ಲ. ಅವನು ತುಟಿ ಬಿಚ್ಚುವುದಿಲ್ಲ. ಸೈಬೀರಿಯಾದಲ್ಲಿ ಕಠಿಣ ಶಿಕ್ಷೆ.

ಮಗಳ ತೀರ್ಪು: ಬರೀ ಜಂಬ. ನನಗೆ ಹಾಗನಿಸಲಿಲ್ಲ. ಅವಳನ್ನು ಕಾಪಾಡುವ ಹಟ ಇದೆ, ಸರಿ. ಅವಳ ಮುಂದೆ ಸಣ್ಣವನಾಗಲಾರೆನೆಂಬ ಬಿಗುಮಾನವೂ ಅಷ್ಟೇ ಇದೆ. ಎರಡನ್ನೂ ಬೇರ್ಪಡಿಸಿ ನೋಡಲು ಮಿಖಾಲ್ಕೋವ್ ಬಿಡುವುದಿಲ್ಲ. ರೈಲ್ವೆ ನಿಲ್ದಾಣದಲ್ಲಿ ಕೈದಿಗಳ ಗುಂಪಿನಲ್ಲಿ ಅವನು ಕಾಣದಾದಾಗ ಗೆಳೆಯರು ಫಿಗರೋ ಹಾಡು ಎತ್ತಿಕೊಳ್ಳುತ್ತಾರೆ, ಆ ಕಡೆಯಿಂದ ಅವನ ದನಿ ಕೂಡಿಕೊಳ್ಳುತ್ತದೆ. ಅಲ್ಲಿ ಮಗಳೂ ಸುಮ್ಮನಾಗಿದ್ದಳು, ನಾನು ನೋಡಿದ್ದೇನೆ.

13 ಫೆಬ್ರುವರಿ, ಗುರುವಾರ

ಹಳೆಯ ‘ಕ್ರೂರ ಪ್ರಣಯ’ (1984) ಮತ್ತೆ ಹಾಕಿದೆ. ಆಸ್ತ್ರೋವ್‌ಸ್ಕಿ 1878ರಲ್ಲಿ ಬರೆದ ನಾಟಕವನ್ನು ಎಲ್ದಾರ್ ರಿಯಾಝಾನೋವ್ ವೋಲ್ಗಾ ದಡದ ಕೊಸ್ತ್ರೋಮಾದಲ್ಲಿ ಚಿತ್ರೀಕರಿಸಿದ. (‘ಕ್ಷೌರಿಕ’ದ ಕೆಡೆಟ್‌ಗಳಿಗೆ ಕವಾಯತು ಕಲಿಸಿದ್ದೂ ಅದೇ ಊರಿನಲ್ಲಿ.) ಇಲ್ಲಿ ಮಿಖಾಲ್ಕೋವ್ ಕ್ಯಾಮೆರಾದ ಮುಂದೆ, ಹಡಗಿನ ಒಡೆಯ ಪರಾತೋವ್ ಆಗಿ. ನಾಯಕಿ ಲರೀಸಾಳ ಕಾಲು ಕೆಸರಾಗಬಾರದೆಂದು ತಾನೇ ನೀರಿಗಿಳಿದು ಕುದುರೆಗಾಡಿಯನ್ನು ಅವಳತ್ತ ಸರಿಸುವ ಆ ಠೀವಿ ನೋಡಬೇಕು. ದೊಡ್ಡ ಮನಸ್ಸು, ಧಾರಾಳ ಕೈ, ಎದೆಗಾರಿಕೆ. ರಷ್ಯನ್ನರು ತಮ್ಮ ಬಗ್ಗೆ ಹೆಮ್ಮೆಪಡುವ ಗುಣಗಳೆಲ್ಲ ಅವನಲ್ಲಿವೆ. ಅಷ್ಟಿದ್ದೂ ಚಿನ್ನದ ಗಣಿಯ ವರದಕ್ಷಿಣೆ ಸಿಕ್ಕಿದ ಕೂಡಲೇ ವರದಕ್ಷಿಣೆಯಿಲ್ಲದ ಹುಡುಗಿಯನ್ನು ಕೈಬಿಡುತ್ತಾನೆ. ಕೆಸರಿಗಿಳಿದದ್ದಕ್ಕೆ ಅವನಿಗೆ ಖರ್ಚಾದದ್ದು ಒಂದು ಜೊತೆ ಬೂಟು. ಸಾಯುವವಳು ಲರೀಸಾ, ಅದೂ ತನಗೆ ಗುಂಡು ಹೊಡೆದವನಿಗೆ ಕೃತಜ್ಞತೆ ಹೇಳಿ.

ರಿಯಾಝಾನೋವ್ ರಷ್ಯನ್ ಗುಣದ ಬೆಲೆಪಟ್ಟಿ ತೋರಿಸಿದ. ಅದೇ ಪರಾತೋವ್ ಮುಂದೆ ನಿರ್ದೇಶಕನಾಗಿ ಆ ಗುಣಕ್ಕೇ ಚಿನ್ನದ ಚೌಕಟ್ಟು ಹಾಕಿದ!

16 ಫೆಬ್ರುವರಿ, ಭಾನುವಾರ

‘ಕ್ಷೌರಿಕ’ದ ಬಗ್ಗೆ ತಕರಾರು ಬರೆದಿಡಬೇಕು. ರೂಬಲ್ ಮುಗ್ಗರಿಸಿದ್ದು 1998ರ ಆಗಸ್ಟ್‌ನಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಕ್ರೆಮ್ಲಿನ್‌ನೊಳಗೇ ಭರ್ಜರಿ ಬಿಡುಗಡೆ. ಸಂಬಳ ಸಿಗದ ದೇಶಕ್ಕೆ ತೋರಿಸಿದ್ದು ಕ್ರೆಮ್ಲಿನ್ ಅಂಗಳದಲ್ಲಿ ಕುದುರೆಯೇರಿದ ತ್ಸಾರ್ ಮೂರನೇ ಅಲೆಕ್ಸಾಂಡರ್‌ನನ್ನು, ಆ ಪಾತ್ರದಲ್ಲಿ ಸ್ವತಃ ಮಿಖಾಲ್ಕೋವ್. ಪ್ರಚಾರದ ಸಾಲಿನ ತಾತ್ಪರ್ಯ: ಅವನು ರಷ್ಯನ್, ಅಷ್ಟು ಹೇಳಿದರೆ ಬಹಳಷ್ಟು ಅರ್ಥವಾಯಿತು. ಮಾಸ್ಲೆನಿತ್ಸಾ ಹಬ್ಬದಲ್ಲಂತೂ ಪ್ರವಾಸಿ ಇಲಾಖೆಯ ಜಾಹೀರಾತಿನಂತೆ ಕರಡಿ, ವೋಡ್ಕಾ, ಮುಷ್ಟಿಯುದ್ಧ. ಕುಡಿಯದ ರಾಡ್ಲೋವ್ ಕುಡಿದು ಗಾಜಿನ ಲೋಟವನ್ನೇ ಕರುಮ್ ಕುರುಮ್ ಅಂತ ಅಗಿಯುತ್ತಾನೆ. ಅಲೆಕ್ಸೇಯ್ ಪೆಟ್ರೆಂಕೋನ ನಟನೆ ಅಮೋಘ, ಒಪ್ಪುತ್ತೇನೆ. ಹಾಗೆಂದು ಲೋಟ ಅಗಿಯುವುದು ರಾಷ್ಟ್ರೀಯ ಗುಣವಾಗುತ್ತದೆಯೇ? ಹೊಡೆದಾಡಿದ ಗಂಡಸರು ಆಮೇಲೆ ಮಂಡಿಯೂರಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು ಮಾತ್ರ ನಿಜಕ್ಕೂ ಅಲ್ಲಿಯದು. ಲೆಂಟ್ ಉಪವಾಸಕ್ಕೆ ಮುಂಚಿನ ಕ್ಷಮೆಯ ಭಾನುವಾರದ ಆಚರಣೆ ಅದು.

ತಮಾಷೆಯೆಂದರೆ ಆ ಕ್ಷಮೆಯ ಪಾಠ ನಾಯಕನಿಗೇ ದಕ್ಕಲಿಲ್ಲ. ವರ್ಷಗಳ ನಂತರ ಜೇನ್ ಮೆಕ್‌ಕ್ರಾಕನ್‌ನ ಹೆಂಡತಿಯಾಗಿ, ಯಂತ್ರದ ಹಿಂದೆಯೇ ಸೈಬೀರಿಯಾಕ್ಕೆ ಬಂದು ಅವನ ಮನೆ ಹುಡುಕುತ್ತಾಳೆ. ಅವನಿಲ್ಲ. ಗುಡ್ಡದ ಮೇಲೆ ನಿಂತು ಅವಳ ಗಾಡಿ ಮರೆಯಾಗುವುದನ್ನು ನೋಡುತ್ತಾನೆ, ಕೂಗುವುದಿಲ್ಲ. ಮನೆಯಲ್ಲಿ ಕುಡುಗೋಲು ಹಿಡಿದು, ಮಕ್ಕಳನ್ನು ಅವುಚಿಕೊಂಡು ಅಡಗಿರುವವಳು ದುನ್ಯಾಶಾ. ಅವನ ತಾಯಿಯ ಮನೆಯಲ್ಲಿ ಕೆಲಸಕ್ಕಿದ್ದವಳು, ಅವನಿಗಾಗಿ ಸೈಬೀರಿಯಾದವರೆಗೂ ಬಂದವಳು, ಅವನ ಮಕ್ಕಳ ತಾಯಿ. ಪಾತ್ರ ಮಾಡಿದವಳು ಮಿಖಾಲ್ಕೋವ್‌ನ ಮಗಳು ಆನ್ನಾ. ಅವಳ ಬಾಯಲ್ಲಿ ಭಾಷಣವಿಲ್ಲ, ಹಾಡಿಲ್ಲ, ಖಡ್ಗಯುದ್ಧವಿಲ್ಲ. ಈ ಚಿತ್ರದಲ್ಲಿ ಯಾವ ರಾಜಿಯೂ ಇಲ್ಲದೆ ಪ್ರೀತಿಸಿದವಳೆಂದು ನಾನು ಒಪ್ಪುವುದು ಅವಳೊಬ್ಬಳನ್ನೇ. ಮೂರು ಗಂಟೆಯಲ್ಲಿ ಅಪ್ಪ ಅವಳಿಗೆ ಬಿಟ್ಟುಕೊಟ್ಟದ್ದು ಕೆಲವೇ ನಿಮಿಷ.